ಕೆಮ್ಮಿ ನಿಂತಿತೋ, ಕೆಮ್ಮದೆ ನಿಂತಿತೋ

ಮೋಟಾರು ರಿಪೇರಿಯ ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ನನ್ನ ಅಂಗಡಿಗೆ ತಂದವನು ಆತನ ಶೆಡ್ಡಿನ ಪಕ್ಕದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಮೆಟ್ಟಿಲ ಕೆಳಗೇ ನಿಂತು, "ಸಾವ್ಕಾರ್ರ, ಮಿಸ್ತ್ರಿ ಹೋದ್ರು" ಅಂದ. ನನ್ನ ಬಾಯಿಂದ ಬಂದ ಮೊದಲ ಮಾತು, "ಕೆಮ್ಮಿ ಹೋದ್ರೋ, ಕೆಮ್ಮದ ಹೋದ್ರೋ?"

ಬೇರೆ ಊರಿನವನಾಗಿದ್ದರೆ ಈ ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋಗುತ್ತಿದ್ದ. ಇವನು ಹಳಿಯಾಳದವನು. ತಲೆ ತಗ್ಗಿಸಿದ.

"ಕೆಮ್ಮೇ ಹೋದ್ರಿ. ಚಳಿ ಬಿದ್ದಾಗಿಂದ ಒಂದs ಸವನ ಕೆಮ್ಮು. ಓಣಿ ಮಂದಿಗೆಲ್ಲಾ ನಿದ್ದಿ ಇರಲಿಲ್ಲ."

"ಪಾಪ, ಅಷ್ಟಾದ್ರೂ ಸಿಕ್ಕಿತು" ಅಂದೆ. ತಕ್ಕಡಿಯನ್ನು ಕೆಳಗಿಟ್ಟು ಅಂಗಡಿಯ ಬಾಗಿಲು ಎಳೆದುಕೊಂಡೆ. ಸಂತೆಯ ದಿನ ನಾನು ಬಾಗಿಲು ಹಾಕಿದ್ದು ಅದೇ ಮೊದಲು.

ಸತ್ತವನ ಸುದ್ದಿಗೆ ಇಂಥ ಪ್ರಶ್ನೆ ಯಾಕೆ ಕೇಳಿದೆ ಎಂಬುದನ್ನು ಹೇಳದಿದ್ದರೆ ನನ್ನನ್ನು ಕರುಳಿಲ್ಲದವನೆಂದು ತಿಳಿದೀರಿ. ಅದು ನನ್ನ ಪ್ರಶ್ನೆಯಲ್ಲ, ಆತನದೇ.

ನಾನು ಮುಂಡಗೋಡದ ಸಂತೆಯಲ್ಲಿ ಬೆಲ್ಲ, ಮೆಣಸಿನಕಾಯಿ ಮಾರುತ್ತ ಎತ್ತಿನ ಗಾಡಿಯಿಂದ ಮೇಲೆ ಬಂದವನು. ಯಾರೂ ನನಗೆ ಏನೂ ಬಿಟ್ಟು ಹೋಗಿರಲಿಲ್ಲ. ಎತ್ತುಗಳನ್ನು ಮಾರಿ ಹಳೆಯ ಮೋಟಾರೊಂದನ್ನು ಕೊಂಡ ವರ್ಷ ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಎತ್ತು ನಿಂತರೆ ಕಾಲು ನೋಡಬಹುದು, ಬಾಯಿ ನೋಡಬಹುದು. ಮೋಟಾರು ನಿಂತರೆ ಏನು ನೋಡುವುದು? ಒಂದು ಸಲ ಅತ್ತಿವೇರಿಯ ಹತ್ತಿರ ನಿಂತುಬಿಟ್ಟಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ರೆಟ್ಟೆ ಬಿದ್ದುಹೋದವು. ಕಡೆಗೆ ಯಾರದೋ ಎತ್ತು ಕಟ್ಟಿ ಎಳೆಸಿಕೊಂಡು ಹಳಿಯಾಳಕ್ಕೆ ಬಂದೆ. ದಾರಿಯುದ್ದಕ್ಕೂ ಜನ ನಕ್ಕರು. ಎತ್ತು ಮಾರಿ ಮೋಟಾರು ಕೊಂಡವನನ್ನು ಎತ್ತೇ ಎಳೆಯುತ್ತಿತ್ತು.

ಶೆಡ್ಡಿನ ಮುಂದೆ ಇಳಿದವನೇ, "ಮಿಸ್ತ್ರಿ, ಇದ್ಯಾಕ ಚಾಲೂ ಆಗವಲ್ದು ನೋಡ್ರಿ" ಅಂದೆ.

"ಅದನ್ನ ಆಮೇಲೆ ನೋಡೂಣು. ನಿಂದ್ರೂವಾಗ ಹೆಂಗ ನಿಂತ್ತು, ಅದನ್ನ ಹೇಳ್ರಿ. ಕೆಮ್ಮಿ ನಿಂತ್ತೋ, ಕೆಮ್ಮದ ನಿಂತ್ತೋ?"

"ಕೆಮ್ಮೂದಂದ್ರ?"

"ಭಕ್ ಭಕ್ ಅಂತ ಒದ್ದಾಡಿ, ಸ್ವಲ್ಪ ಎದ್ದು, ಮತ್ತ ಮುಗ್ಗರಿಸಿ, ಹಂಗ ನಿಂತ್ತೋ? ಇಲ್ಲಾ ದೀಪ ಊದಿದಂಗ ಒಮ್ಮೆಲೆ ಹೋತೋ?"

ನೆನಪು ಮಾಡಿಕೊಂಡೆ. "ಕೆಮ್ಮಿತ್ರಿ. ಭಾಳ ಕೆಮ್ಮಿತು."

"ಹಂಗಾದ್ರ ಎಣ್ಣಿ ತಕರಾರು. ಹಸಿದಾಂವ ಒಮ್ಮೆಲೆ ಸಾಯೂದಿಲ್ರಿ, ಒದ್ದಾಡತಾನ. ಕೆಮ್ಮದ ನಿಂತ್ರ ಕಿಡಿ ತಕರಾರು. ಮೊದಲ ಇಷ್ಟು ತಿಳ್ಕೊಂಡ್ರ ಅರ್ಧಾ ಗಾಡಿ ಬಿಚ್ಚೂದು ತಪ್ಪತೈತಿ."

ಆತ ತಲೆಯ ಟೋಪಿ ತೆಗೆದು ಬಾನೆಟ್ಟಿನ ಮೇಲೆ ಅಂಗಾತ ಇಟ್ಟ. ಬಿಚ್ಚಿದ ಸ್ಕ್ರೂ, ವಾಷರ್ ಎಲ್ಲ ಅದರೊಳಗೆ. ಕೆಲಸ ಮುಗಿದು ಟೋಪಿ ಖಾಲಿಯಾದರೆ ಗಾಡಿ ಪೂರಾ ಆಯಿತೆಂದು ಲೆಕ್ಕ. ಝಾಡಿಸಿ ತಲೆಗೆ ಹಾಕಿಕೊಳ್ಳುತ್ತಿದ್ದ. ಆ ಟೋಪಿಯ ಬಣ್ಣ ಮೊದಲು ಏನಿತ್ತೋ ನನಗೆ ಗೊತ್ತಿಲ್ಲ.

ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆಯುವಾಗ ಒಳಗೆ ಸುಂಯ್ ಎಂದು ಗಾಳಿ ಎಳೆದುಕೊಂಡ ಸದ್ದು ಬಂತು. ಆತ ಮುಚ್ಚಳವನ್ನು ಬೆಳಕಿಗೆ ಹಿಡಿದ. ನನ್ನ ಕಡೆ ನೋಡಿದ.

"ಸಾವ್ಕಾರ್ರ, ಗಾಡಿಗೆ ಹೊಸಾ ಬಣ್ಣ ಹಚ್ಚೀರಿ."

"ಹೌದ್ರಿ. ನಾಳೆ ಮಾರಾಕಾದ್ರೂ ಬರ್ತೈತಿ ಅಂತ."

"ಗಾಡಿಗೆ ಹಚ್ರಿ, ಬ್ಯಾಡ ಅನ್ನೂದಿಲ್ಲ. ಅದರ ಮೂಗಿಗೂ ಹಚ್ಚಿ ಕುಂತೀರಲ್ಲ!"

ಮುಚ್ಚಳದಲ್ಲಿ ಗಾಳಿಗಾಗಿ ಒಂದು ಸಣ್ಣ ತೂತು ಇರುತ್ತದೆ. ನನ್ನ ಬಣ್ಣ ಅದನ್ನು ಮುಚ್ಚಿತ್ತು. ಒಳಗೆ ಗಾಳಿ ಹೋಗದಿದ್ದರೆ ಪೆಟ್ರೋಲು ಕೆಳಗೆ ಇಳಿಯುವುದಿಲ್ಲ. ಆತ ಅಂಗಿಯ ಕೊರಳಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ತೂತು ಬಿಡಿಸಿದ. ಎರಡು ಸಲ ಹ್ಯಾಂಡಲ್ ಹೊಡೆಯುವುದರೊಳಗೆ ಗಾಡಿ ಎದ್ದಿತು. ಅಲ್ಲಿ ನಿಂತವರೆಲ್ಲ ಮತ್ತೊಮ್ಮೆ ನಕ್ಕರು. ಈ ಸಲ ನಾನೂ ನಕ್ಕೆ.

ಮೋಟಾರು ಇಟ್ಟುಕೊಂಡವರಿಗೆ ಹೇಳುತ್ತೇನೆ, ಕೇಳಿದರೂ ಸರಿ, ಬಿಟ್ಟರೂ ಸರಿ. ಗಾಡಿ ಚಾಲೂ ಆಗದಿದ್ದರೆ ಸಿಟ್ಟಿನಿಂದ ಹ್ಯಾಂಡಲ್ ಹೊಡೆಯುತ್ತ ನಿಲ್ಲಬೇಡಿ. ಟಾಕಿಯೊಳಗೆ ಒಂದು ಕಡ್ಡಿ ಇಳಿಸಿ ನೋಡಿ. ಎಷ್ಟೋ ಸಲ ಒಳಗೆ ಏನೂ ಇರುವುದೇ ಇಲ್ಲ. ಇದ್ದರೆ ಮುಚ್ಚಳದ ತೂತು ನೋಡಿ. ಆಮೇಲೆ ಪೆಟ್ರೋಲು ಸೋಸುವ ಕೆಳಗಿನ ಗಾಜಿನ ಬಟ್ಟಲು: ತಳದಲ್ಲಿ ಮುತ್ತಿನ ಹಾಗೆ ಹನಿಗಳು ಉರುಳುತ್ತಿದ್ದರೆ ಅದು ನೀರು. ಆಮೇಲೆ ನಳಿಗೆ ಊದಿ. ಕಾರ್ಬುರೇಟರಿಗೆ ಕಟ್ಟಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಸುತ್ತಿಗೆಯಿಂದಲ್ಲ. ಇದೆಲ್ಲ ಮಿಸ್ತ್ರಿ ಕಲಿಸಿದ್ದು. ಆತ ಇದಕ್ಕೂ ಮೊದಲು ಮತ್ತೊಂದು ಮಾಡುತ್ತಿದ್ದ. ಬೆರಳನ್ನು ಪೆಟ್ರೋಲಿನಲ್ಲಿ ಅದ್ದಿ ಮೂಗಿಗೆ ಹಿಡಿಯುವುದು. ಘಾಸಲೇಟು, ಅಂದರೆ ಸೀಮೆಎಣ್ಣೆ, ಬೆರೆಸಿದ್ದಾರೋ, ಹಳೆಯದಾಗಿ ಸತ್ತ ಪೆಟ್ರೋಲೋ, ಮೂಗು ಹೇಳುತ್ತಿತ್ತು. "ಎಣ್ಣಿ ಸುಳ್ಳು ಹೇಳೂದಿಲ್ರಿ. ಕೆಟ್ರ ವಾಸನಿ ಕೊಡ್ತೈತಿ, ಹಸಿದ್ರ ಕೆಮ್ಮತೈತಿ. ಹೇಳದ ಕೇಳದ ಏನೂ ಮಾಡೂದಿಲ್ಲ" ಎನ್ನುತ್ತಿದ್ದ. ಈ ಮಾತು ನೆನಪಿರಲಿ.

ಹಳೆಯ ಮೋಟಾರುಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ನಾನು ಇಳಿದ ಮೇಲೆ ಆತನನ್ನು ಬಿಟ್ಟು ಸೌದಾ ಮಾಡಲಿಲ್ಲ. ಬೆಳಗಾವಿಗೆ ಒಮ್ಮೆ ಹೋದಾಗ ಮಾರುವವನು ನಮ್ಮೆದುರು ಒಂದೇ ಏಟಿಗೆ ಗಾಡಿ ಎಬ್ಬಿಸಿ ಮೀಸೆ ತಿರುವಿದ. ಮಿಸ್ತ್ರಿ ಅದಕ್ಕೂ ಮೊದಲೇ ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ನನ್ನ ಹತ್ತಿರ ಬಂದು, "ಸಾವ್ಕಾರ್ರ, ಇದು ನಾವು ಬರೂಕಿಂತ ಮೊದಲ ಎದ್ದು ಮುಖಾ ತೊಳ್ಕೊಂಡು ಕುಂತೈತಿ. ಚಾ ಕುಡ್ಯೂಣು ಬರ್ರಿ, ತಣ್ಣಗಾಗ್ಲಿ" ಅಂದ. ಚಹಾ ಕುಡಿದೆವು, ಊಟ ಮಾಡಿದೆವು, ಊರಿನ ಸುದ್ದಿ ಮಾತಾಡಿದೆವು. ಬಿಸಿಲು ಇಳಿದ ಮೇಲೆ ಬಂದು ಹ್ಯಾಂಡಲ್ ಹೊಡೆದರೆ ಗಾಡಿ ಏಳಲೇ ಇಲ್ಲ. ಮಾರುವವನ ಮೀಸೆಯೂ ಇಳಿಯಿತು, ದರವೂ ಇಳಿಯಿತು. ತಣ್ಣಗಿರುವ ಗಾಡಿಯನ್ನೇ ನೋಡಿ ಕೊಳ್ಳಬೇಕು. ಮನೆತನ ನೋಡಿ ಸಂಬಂಧ ಮಾಡುವಾಗಲೂ ನಾನು ಇದನ್ನೇ ಪಾಲಿಸಿದ್ದೇನೆ: ಮುಂಚೆ ತಿಳಿಸದೆ ಹೋಗಿ ನೋಡಬೇಕು.

ತನಗಾಗಿ ಆತ ನನ್ನಿಂದ ಸೌದಾ ಮಾಡಿಸಿದ್ದು ಒಂದೇ ಸಲ. ಆತನಿಗೆ ಒಬ್ಬ ತಮ್ಮನಿದ್ದ. ಚಿಕ್ಕಂದಿನಲ್ಲಿ ತಾಯಿ ಹೋದಮೇಲೆ ಆತನೇ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವನು. ಆ ಹುಡುಗನಿಗೊಂದು ನೆಲೆ ಆಗಲಿ ಎಂದು ಆತ ಮದುವೆಯನ್ನೂ ಮುಂದೆ ಹಾಕುತ್ತ ಹಾಕುತ್ತ ಕಡೆಗೆ ಮರೆತೇಬಿಟ್ಟ. ತಮ್ಮ ದೊಡ್ಡವನಾಗಿ, ಡ್ರೈವರನಾಗಿ, ಮದುವೆಯೂ ಆಗಿ, ಊರೂರಿಗೆ ಜನರನ್ನು ಒಯ್ಯುವ ಒಂದು ಸ್ವಂತ ಸರ್ವಿಸ್ ಮೋಟಾರು ಬೇಕೆಂದ. ಹಳೆಯದೊಂದನ್ನು ನಾನೇ ಚೌಕಾಶಿ ಮಾಡಿ ಕೊಡಿಸಿದೆ. ದಾಂಡೇಲಿ, ಜೋಯಿಡಾ ದಾಟಿ ಗೋವೆಯ ಗಡಿಯ ಅನಮೋಡದವರೆಗೆ ಓಡಿಸುತ್ತಿದ್ದ. ಮೊದಲ ದಿನ ಗಾಡಿ ಹೊರಟಾಗ ಮಿಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ. ಆಮೇಲೆ ಟೋಪಿಯೊಳಗೆ ಕೈ ಹಾಕಿ ನೋಡಿದ. ಏನೂ ಉಳಿದಿರಲಿಲ್ಲ.

ಎರಡನೆಯ ಮಹಾಯುದ್ಧ ಬಂತು. ಪೆಟ್ರೋಲಿಗೆ ರೇಷನ್ ಚೀಟಿ ಬಂತು. ನನ್ನಂಥವರು ಹೇಗೋ ಏನೋ ಮಾಡಿ ಸ್ವಲ್ಪ ದೊರಕಿಸುತ್ತಿದ್ದೆವು. ಸರ್ವಿಸ್ ಮೋಟಾರು ಓಡಿಸುವವರಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಆಗ ಇದ್ದಲಿಯ ಗ್ಯಾಸು ಬಂತು. ಗಾಡಿಯ ಹಿಂದೆ ಹಂಡೆಯಂಥ ದೊಡ್ಡ ಡಬ್ಬಿ, ಅದರ ತುಂಬ ಇದ್ದಲಿ, ಕೆಳಗೆ ಬೆಂಕಿ. ಕೈಯಿಂದ ಪಂಖ ತಿರುಗಿಸಿ ಬೆಂಕಿ ಹಿಡಿಸಿ, ಹೊಗೆ ಹೋಗಿ ಗ್ಯಾಸು ಬರತೊಡಗಿದ ಮೇಲೆ ಅದನ್ನು ನಳಿಗೆಯಿಂದ ಎಂಜಿನ್ನಿಗೆ ಬಿಡುವುದು. ನಮ್ಮ ಕಾಡಿನಲ್ಲಿ ಇದ್ದಲಿಗೇನು ಬರ? ಏರು ಬಂದಾಗ ಜನ ಇಳಿದು ದೂಡಬೇಕು, ಅಷ್ಟೇ.

ತಮ್ಮನ ಗಾಡಿಗೆ ಡಬ್ಬಿ ಕೂರಿಸಿದವನು ಮಿಸ್ತ್ರಿಯೇ. ಅವತ್ತು ನಾನೂ ಶೆಡ್ಡಿನಲ್ಲಿದ್ದೆ. ಹೊಗೆ ನಿಂತ ಮೇಲೆ ಆತ ನಳಿಗೆಯ ಬಾಯಿಗೆ ಮೂಗು ಒಯ್ದು ಮುಖ ಸಿಂಡರಿಸಿದ.

"ಏನ್ರಿ ಮಿಸ್ತ್ರಿ, ನಾತಾ?"

"ನಾತಾ ಇದ್ರ ಚಲೋ ಇತ್ತು. ಏನೂ ಇಲ್ಲ. ವಾಸನಿ ಇಲ್ಲದ್ದು ಹೆಂತಾ ಎಣ್ಣಿರಿ ಇದು? ಮೂಕನ ಕೂಡ ಮಾತಾಡಿದಂಗ."

ತಮ್ಮ ಡ್ರೈವರ್ ಸೀಟಿನಲ್ಲಿ ಕುಳಿತು ಹಿಂದೆ ತಿರುಗಿ ಕೇಳಿದ: "ಭಾಯಿ, ಮಳ್ಯಾಗ ಪಡದಾ ಬಿಟ್ಕೊಂಡು ಒಳಗ ಕುಂತಿರ್ತೇನಿ. ಈ ಗ್ಯಾಸು ಸೋರಿ ಒಳಗ ಬಂದ್ರ?"

"ಬಂದ್ರ ಕೆಮ್ಮ ಬರ್ತೈತಿ. ಕೆಮ್ಮ ಬಂದ್ರ ಇಳದು ಹೊರಗ ಬಾ."

"ನಿದ್ದಿ ಹತ್ತಿದ್ರ?"

"ಕೆಮ್ಮ ಯಾರನ್ನ ಮಲಗಾಕ ಬಿಡ್ತೈತಿ ಲೇ! ಮಳ್ಯಾಗ ಬೆಂಕಿ ಮಾತ್ರ ಆರಿಸಬ್ಯಾಡ. ಹಸೀ ಇದ್ದಲಿ ಮತ್ತ ಹತ್ತೂದಿಲ್ಲ, ಅಲ್ಲೇ ಕುಂತಬಿಡ್ತಿ."

ತಮ್ಮ ನಕ್ಕ. ನಾನೂ ನಕ್ಕೆ. ತಪ್ಪು ಯಾರ ಕಿವಿಗೂ ಕೇಳಿಸಲಿಲ್ಲ. ಎಷ್ಟೋ ವರ್ಷಗಳಿಂದ ಆ ಕೆಮ್ಮಿನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಮಳೆಗಾಲದ ಮೊದಲ ಮಿರಗದ ಮಳೆ ಹಿಡಿದ ದಿನ, ಮಧ್ಯಾಹ್ನ, ಅನಮೋಡದ ಗಡಿ ತಪಾಸಣೆಯ ನಾಕೆಯ ಹತ್ತಿರ ತಮ್ಮ ಗಾಡಿ ನಿಲ್ಲಿಸಿದ. ಜನ ಇಳಿದು ಚಹಾದ ಗುಡಿಸಲಿಗೆ ಹೋದರು. ಆರಿಸಬೇಡ ಎಂದು ಅಣ್ಣ ಹೇಳಿದ್ದರಿಂದ ಇವನು ಬೆಂಕಿ ಆರಿಸಲಿಲ್ಲ. ಪಡದೆಗಳನ್ನು ಬಿಟ್ಟುಕೊಂಡು, ಹಿಂದಿನ ಸೀಟಿನ ಮೇಲೆ, ಡಬ್ಬಿಯ ಕಾವು ತಾಗುವಲ್ಲಿ ಅಡ್ಡಾದ. ಮಳೆ ಸಣ್ಣಗಾಗಿ ಜನ ಬಂದು ಎಬ್ಬಿಸಿದರೆ ಏಳಲಿಲ್ಲ. ಮುಖ ಕೆಂಪಗೆ, ಆಟವಾಡಿ ಬಂದು ಮಲಗಿದ ಮಕ್ಕಳ ಹಾಗೆ ಇತ್ತಂತೆ. ಅದನ್ನು ನೋಡಿ, ಸತ್ತಿದ್ದಾನೆಂದು ನಂಬಲು ಅವರಿಗೆ ಹೊತ್ತು ಹಿಡಿಯಿತು.

ಮಣ್ಣು ಮಾಡಿ ಬಂದ ಮಾರನೆಯ ದಿನ ಮಿಸ್ತ್ರಿ ನನ್ನ ಅಂಗಡಿಗೆ ಬಂದ. "ಸಾವ್ಕಾರ್ರ, ನಿಮ್ಮ ಗಾಡ್ಯಾಗ ಪೆಟ್ರೋಲ್ ಐತೇನ್ರಿ? ಅನಮೋಡಕ್ಕ ಹೋಗೂದೈತಿ."

"ಯಾಕ್ರಿ ಮಿಸ್ತ್ರಿ? ಗಾಡಿ ತರಾಕ ಮಂದಿ ಕಳಸೇವಲ್ಲ."

"ಒಂದ ಮಾತು ಕೇಳೂದೈತಿ."

ಏನು ಕೇಳುವುದಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ಹೋದೆವು.

ನಾಕೆಯ ಸಿಪಾಯಿಯ ಎದುರು ನಿಂತು ಆತ ಕೇಳಿದ: "ಅಂವ ಕೆಮ್ಮಿದ್ನೇನ್ರಿ?"

"ಯಾರು?"

"ನನ್ನ ತಮ್ಮ. ಗಾಡ್ಯಾಗ. ಕೆಮ್ಮಿದ್ದು ಕೇಳ್ಸಿತೇನು?"

ಸಿಪಾಯಿ ಇಲ್ಲವೆಂದ. ಮಳೆಯ ಸದ್ದು, ಕೇಳಿಸಿರಲಾರದು ಎಂದು ತಾನೇ ಸೇರಿಸಿದ. ಚಹಾದ ಗುಡಿಸಲಿನ ಕೊಂಕಣಿ ಹೆಂಗಸು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು: "ನಾ ಬಾಬಾ, ಇಲ್ಲ. ನಾನು ಚಾ ಕೊಡೂಕೆ ಪಡದೆ ಸರ್ಸಿ ನೋಡ್ದೆ. ಕೆಮ್ಮು ಇಲ್ಲ, ಎಂತದೂ ಇಲ್ಲ. ಚಂದ ನಿದ್ದೆ. ಎಬ್ಬಿಸೂಕೆ ಮನಸ್ಸು ಬರ್ಲಿಲ್ಲ."

"ಸ್ವಲ್ಪನೂ ಇಲ್ಲ? ಗಂಟಲ ಕೆರದಂಗ, ಹಿಂಗ?" ಮಿಸ್ತ್ರಿ ತಾನೇ ಕೆಮ್ಮಿ ತೋರಿಸಿದ.

ಆಕೆ ನನ್ನ ಕಡೆ ನೋಡಿದಳು. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. "ನಾ ರೇ ಬಾಬಾ."

ತಿರುಗಿ ಬರುವಾಗ ನನಗೆ ಸುಮ್ಮನಿರಲು ಆಗಲಿಲ್ಲ. ದುಃಖವನ್ನೂ ಸೌದಾ ಮಾಡಿ ಸ್ವಲ್ಪ ಇಳಿಸಬಹುದು ಎಂದು ನಂಬಿ ಬದುಕಿದವನು ನಾನು. ಒಳ್ಳೆಯ ಮಾತೊಂದು ಸಿಕ್ಕಿತು ಎಂದುಕೊಂಡೇ ಹೇಳಿದೆ: "ಮಿಸ್ತ್ರಿ, ನಿಮ್ಮ ಮಾತಿನ ಪ್ರಕಾರನs ನೋಡ್ರಿ. ಕೆಮ್ಮದ ನಿಂತದ್ದು ಎಣ್ಣಿ ತಕರಾರು ಅಲ್ಲ. ಅವನ ಎದಿನs ನಿಂತಿರಬೇಕು. ನಿಮ್ಮ ಡಬ್ಬಿದು ಏನೂ ತಪ್ಪಿಲ್ಲ."

ಜೋಯಿಡಾದ ಹತ್ತಿರ ಆತ, "ಗಾಡಿ ನಿಂದ್ರಸ್ರಿ" ಅಂದ. ಇಳಿದು ಬಾನೆಟ್ಟು ಎತ್ತಿದ. ಗಾಡಿಗೆ ಏನೂ ಆಗಿರಲಿಲ್ಲ. ಟೋಪಿಯನ್ನೂ ತೆಗೆಯಲಿಲ್ಲ. ಎಷ್ಟೋ ಹೊತ್ತು ಒಳಗೆ ನೋಡುತ್ತ ನಿಂತು ಬಾನೆಟ್ಟು ಮುಚ್ಚಿದ.

"ಸಾವ್ಕಾರ್ರ, ಅಂವ ಕೆಮ್ಮಿದ್ದ, ಆದ್ರೂ ಏಳಲಿಲ್ಲ ಅಂತ ಯಾರಾದ್ರೂ ಒಬ್ರು ಹೇಳಿದ್ರ ಸಾಕಿತ್ತು. ಅಂವನ ನಿದ್ದಿ ಮ್ಯಾಲೆ ಹಾಕಿ ನಾ ಹೆಂಗೋ ಬದಕ್ತಿದ್ನಿ. ಕೆಮ್ಮಿಲ್ಲ. ಕೆಮ್ಮು ಬರೂತನಕ ಮಲಗೂಣು ಅಂತ ಅಂವ ಮಲಗ್ಯಾನ. ಈ ಗ್ಯಾಸು ಕೆಮ್ಮಸದ ಕೊಲ್ತೈತಿ. ಕೆಮ್ಮತೈತಿ ಅನ್ನೂದು ಪೆಟ್ರೋಲಿನ ಮಾತು. ಅದನ್ನ ನಾ ಇದ್ದಲಿಗೆ ಹಚ್ಚಿದ್ನಿ."

ಹ್ಯಾಂಡಲ್ ಹೊಡೆದು ಗಾಡಿ ಎಬ್ಬಿಸಿದೆ. ಸಲಹೆ ಕೊಡುವ ಚಟ ಇರುವವರಿಗೆ ಇಷ್ಟು ಹೇಳುತ್ತೇನೆ: ಕೆಲವು ಮನೆಗಳಲ್ಲಿ ಸುಮ್ಮನೆ ಕುಳಿತು ಎದ್ದು ಬನ್ನಿ.

ಆ ಗಾಡಿಯನ್ನು ಆತ ಮಾರಲೂ ಇಲ್ಲ, ಓಡಿಸಲೂ ಇಲ್ಲ. ಶೆಡ್ಡಿನ ಹಿಂದೆ ನಿಂತು ಅದರ ಟಾಯರಿನೊಳಗೆ ಹುಲ್ಲು ಬೆಳೆಯಿತು. ತಮ್ಮನ ಹೆಂಡತಿ ತವರಿಗೆ ಹೋದಳು. ಮಿಸ್ತ್ರಿಯ ಕೆಲಸವೂ ಹಾಳಾಯಿತು. ಯಾರಾದರೂ ನಿಂತ ಗಾಡಿ ತಂದರೆ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಹೊಸಬರ ಹಾಗೆ ಒಂದು ತುದಿಯಿಂದ ಬಿಚ್ಚುತ್ತ ಹೋಗುತ್ತಿದ್ದ. ಸೂಜಿ ಹಾಕಿದರೆ ಮುಗಿಯುವ ಕೆಲಸಕ್ಕೆ ಇಡೀ ಎಂಜಿನ್ನು ನೆಲದ ಮೇಲೆ ಹರಡಿರುತ್ತಿತ್ತು. "ಮಿಸ್ತ್ರಿ, ಕೆಮ್ಮಿ ನಿಂತೈತ್ರಿ, ಎಣ್ಣಿದು ನೋಡ್ರಿ" ಎಂದು ಗಿರಾಕಿಗಳೇ ಹೇಳಿದರೆ, "ಅದನ್ನ ನಂಬಬ್ಯಾಡ್ರಿ" ಎನ್ನುತ್ತಿದ್ದ. ಟೋಪಿಯಲ್ಲಿ ಸ್ಕ್ರೂ ಉಳಿಯತೊಡಗಿದವು. ಗಿರಾಕಿಗಳು ಧಾರವಾಡದ ದಾರಿ ಹಿಡಿದರು.

ಆತ ಬಿಡದೆ ಮಾಡಿದ ಕೆಲಸ ಒಂದೇ. ಮಧ್ಯಾಹ್ನ ಮೋಟಾರ್ ಸ್ಟ್ಯಾಂಡಿಗೆ ಬಂದು, ನಿಂತ ಗಾಡಿಗಳ ಪಕ್ಕ ಒಂದೊಂದಾಗಿ ಹಾಯುವುದು. ಒಳಗೆ ಡ್ರೈವರನೋ ಕ್ಲೀನರನೋ ಮಲಗಿದ್ದರೆ ತಗಡು ತಟ್ಟುವುದು.

"ಲೇ, ಒಮ್ಮೆ ಕೆಮ್ಮು."

"ಅಯ್ಯ ಚಾಚಾ, ಈಗರ ಕಣ್ಣ ಮುಚ್ಚೇನಿ!"

"ಕೆಮ್ಮು. ಕೇಳ್ತೇನಿ, ಹೋಗ್ತೇನಿ."

ಅವನು ಕೆಮ್ಮುವವರೆಗೂ ಆತ ಕದಲುತ್ತಿರಲಿಲ್ಲ. ಮೊದಮೊದಲು ಬೈದರು. ಆಮೇಲೆ ಚೇಷ್ಟೆ ಮಾಡಿದರು. ಆತ ದೂರದಲ್ಲಿ ಕಂಡರೆ ಸಾಕು, ಇಡೀ ಸ್ಟ್ಯಾಂಡು ಕ್ಷಯದ ಆಸ್ಪತ್ರೆಯ ಹಾಗೆ ಕೆಮ್ಮುತ್ತಿತ್ತು. ಆತನಿಗೆ ಸಿಟ್ಟೂ ಬರುತ್ತಿರಲಿಲ್ಲ, ನಗೆಯೂ ಬರುತ್ತಿರಲಿಲ್ಲ. ತಲೆಯಾಡಿಸಿ ಮುಂದಿನ ಗಾಡಿಗೆ ಹೋಗುತ್ತಿದ್ದ. ಯುದ್ಧ ಮುಗಿದು ಕಡೆಗೊಮ್ಮೆ ಪೆಟ್ರೋಲು ಬಂದು ಡಬ್ಬಿಗಳನ್ನೆಲ್ಲ ಬಿಚ್ಚಿ ಗುಜರಿಯ ಮೋಡಕಾ ಬಜಾರಿಗೆ ಹಾಕಿದರು. ಆಗಲೂ ನಿಲ್ಲಿಸಲಿಲ್ಲ. ಒಮ್ಮೆ ನಾನೇ ಕೈ ಹಿಡಿದು, "ಮಿಸ್ತ್ರಿ, ಈಗ ಎಲ್ಲೈತ್ರಿ ಗ್ಯಾಸು? ಎಲ್ಲಾ ಪೆಟ್ರೋಲ್ ಗಾಡಿ" ಅಂದೆ. "ಗೊತ್ತೈತ್ರಿ" ಅಂದ. ಕೈ ಬಿಡಿಸಿಕೊಂಡು ಮುಂದಿನ ಗಾಡಿಯ ತಗಡು ತಟ್ಟಿದ.

ಮೊನ್ನೆ ಆತನನ್ನು ತಮ್ಮನ ಪಕ್ಕದಲ್ಲೇ ಮಣ್ಣು ಮಾಡಿದರು. ಮುಗಿಸಿಕೊಂಡು ಸ್ಟ್ಯಾಂಡಿನ ಮೇಲೆ ಹಾಯ್ದು ಬರುತ್ತಿದ್ದೆ. ಬಿಸಿಲಿಗೆ ಎಲ್ಲ ಸ್ತಬ್ಧವಾಗಿತ್ತು. ಆಗಷ್ಟೇ ಮುಂಡಗೋಡದಿಂದ ಬಂದ ಗಾಡಿಯಲ್ಲಿ ಡ್ರೈವರ್ ಮುಖದ ಮೇಲೆ ವಸ್ತ್ರ ಎಳೆದುಕೊಂಡು ಮಲಗಿದ್ದ. ಅವನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ದಾಟಿ ಹೋಗಬೇಕೆಂದಿದ್ದವನು ಯಾಕೋ ನಿಂತೆ. ಬೆರಳ ಗಣ್ಣಿನಿಂದ ತಗಡು ತಟ್ಟಿದೆ.

ಅವನು ವಸ್ತ್ರ ಸರಿಸಲಿಲ್ಲ, ಕಣ್ಣು ತೆರೆಯಲಿಲ್ಲ. ನಿದ್ದೆಯಲ್ಲೇ ಖೊಕ್ ಎಂದು ಒಮ್ಮೆ ಕೆಮ್ಮಿದ.

"ಇದ್ದೇನಿ ಚಾಚಾ, ಇದ್ದೇನಿ. ಹೋಗ್ರಿ ನೀವು."